ಸ್ಥಿತಿಕರಣ: ಸೆರೆಮನೆಯ ಬಾಗಿಲಿನ ಆಚೆಗೆ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಗೂಹನಾಂಗಕ್ಕೆ ಹೆಸರಿಸಿರುವ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆ ನಮಗೆಲ್ಲ ಪರಿಚಿತವಾದುದು. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳನು ಶ್ರೇಷ್ಠಿಯ ಚೈತ್ಯಾಲಯದ ರತ್ನವನ್ನು ಕದ್ದು ಓಡಿದನು. ಕಾವಲುಗಾರರು ಬೆನ್ನಟ್ಟಲು ಶ್ರೇಷ್ಠಿಯನ್ನೇ ಮರೆಹೊಕ್ಕನು. ಧರ್ಮಕ್ಕೆ ಅಪವಾದ ಬರಬಾರದೆಂದು ಶ್ರೇಷ್ಠಿಯು, ರತ್ನವನ್ನು ತರಲು ತಾನೇ ಹೇಳಿದ್ದೆನೆಂದು ನುಡಿದು ಅವರನ್ನು ಹಿಂದಕ್ಕೆ ಕಳುಹಿಸಿದನು. ಬಳಿಕ ಏಕಾಂತದಲ್ಲಿ ಕಳ್ಳನಿಗೆ ಬುದ್ಧಿ ಹೇಳಿ ಹೊರಗಟ್ಟಿದನು. ಕಥೆ ಅಲ್ಲಿಗೆ ಮುಗಿಯುತ್ತದೆ. ಆದರೆ ಮರುದಿನ ಆ ಕಳ್ಳನು ಎಲ್ಲಿ ಉಂಡನು ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ.

ಅದಕ್ಕೆ ಕಾರಣವೂ ಉಂಟು. ಕೆಲವು ವರ್ಷಗಳ ಹಿಂದೆ ಶಿಕ್ಷೆ ಮುಗಿಸಿ ಬಂದವನೊಬ್ಬನು ನಮ್ಮ ಅಂಗಡಿಗೆ ಕೆಲಸ ಕೇಳಿಕೊಂಡು ಬಂದಿದ್ದನು. ಜೈಲಿನಲ್ಲಿದ್ದ ಸಂಗತಿಯನ್ನು ಕೇಳುವ ಮೊದಲೇ ತಾನಾಗಿ ತಿಳಿಸಿದನು. ನಾನು ಊಟಕ್ಕೆಂದು ಹಣ ಕೊಟ್ಟು, ಕೆಲಸವಿಲ್ಲವೆಂದು ಹೇಳಿ ಕಳುಹಿಸಿದೆನು. ಆ ವಾರ ನಮಗೆ ಆಳು ಬೇಕಾಗಿತ್ತು. ಅಂದು ಸತ್ಯ ನುಡಿದವನು ಅವನು. ಅಸತ್ಯ ನುಡಿದವನು ಅಣುವ್ರತಗಳ ಮೇಲೆ ಉಪನ್ಯಾಸ ಮಾಡುವ ನಾನು.

ಈ ವಿಷಯದಲ್ಲಿ ಕ್ರೈಸ್ತ ಬಂಧುಗಳ ಕಾರ್ಯ ಗಮನಾರ್ಹವಾದುದು. ಸೆರೆಯಲ್ಲಿರುವವನನ್ನು ಕಾಣುವುದು ತನ್ನನ್ನೇ ಕಂಡಂತೆ ಎಂಬ ಕ್ರಿಸ್ತನ ಬೋಧೆ ಅದಕ್ಕೆ ಮೂಲ. ಇಂಗ್ಲೆಂಡಿನ ಎಲಿಜಬೆತ್ ಫ್ರೈ 1813ರಲ್ಲಿ ಲಂಡನ್ನಿನ ನ್ಯೂಗೇಟ್ ಸೆರೆಮನೆಯನ್ನು ಕಂಡು ಮರುಗಿ, 1817ರಲ್ಲಿ ಸಂಘ ಕಟ್ಟಿ, ಅಲ್ಲಿನ ಸ್ತ್ರೀಯರಿಗೆ ಓದು ಹಾಗೂ ಹೊಲಿಗೆ ಕಲಿಸುವ ವ್ಯವಸ್ಥೆ ಮಾಡಿದರು. ಅಮೆರಿಕದ ಅಧ್ಯಕ್ಷ ನಿಕ್ಸನ್ನರ ಆಪ್ತರಾಗಿದ್ದ ಚಾರ್ಲ್ಸ್ ಕೋಲ್ಸನ್ 1974ರಲ್ಲಿ ತಾವೇ ಸೆರೆ ಸೇರಿ, ಏಳು ತಿಂಗಳು ಕಳೆದು ಹೊರಬಂದು, 1976ರಲ್ಲಿ ಪ್ರಿಸನ್ ಫೆಲೋಶಿಪ್ ಸಂಸ್ಥೆಯನ್ನು ಸ್ಥಾಪಿಸಿದರು. ನಮ್ಮ ದೇಶದಲ್ಲಿಯೂ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಎಂಬ ಸಂಸ್ಥೆ 1981ರಲ್ಲಿ ಕೇರಳದಲ್ಲಿ ಆರಂಭವಾಯಿತು. ಇಂತಹ ಸೇವೆಯ ಕ್ರಮ ಹೀಗೆ: ಬಂದಿಯು ಒಳಗಿರುವಾಗಲೇ ಅವನ ಪರಿಚಯ ಬೆಳೆಸುವುದು, ಬಿಡುಗಡೆಯಾದಾಗ ತಂಗಲು ಸ್ಥಳ ಮತ್ತು ಕೆಲಸ ದೊರಕಿಸುವುದು, ಅನಂತರವೂ ಸಂಗ ಬಿಡದಿರುವುದು.

ಇನ್ನೊಂದು ಸಂಗತಿ. ದಾನವಾಗಿ ಬಂದ ಸಾಬೂನು, ಟೂತ್‌ಪೇಸ್ಟ್‌ಗಳನ್ನು ಸೆರೆಯಲ್ಲಿದ್ದ ತಾಯಂದಿರು ತಾವು ಬಳಸದೆ, ಮಕ್ಕಳಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಕಟ್ಟಿಡುತ್ತಿದ್ದುದನ್ನು ಮೇರಿ ಕೇ ಬಿಯರ್ಡ್ ಎಂಬವರು ಸ್ವತಃ ಬಂದಿಯಾಗಿದ್ದಾಗ ಕಂಡಿದ್ದರು. ಬಿಡುಗಡೆಯ ನಂತರ, 1982ರಲ್ಲಿ, ಅವರು ಅಲಬಾಮಾದಲ್ಲಿ ಏಂಜೆಲ್ ಟ್ರೀ ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಅದರಲ್ಲಿ ಉಡುಗೊರೆ ಮಗುವಿಗೆ ತಲುಪುವುದು ಸೆರೆಯಲ್ಲಿರುವ ತಂದೆ ಅಥವಾ ತಾಯಿಯ ಹೆಸರಿನಲ್ಲಿ; ದಾನಿಯ ಹೆಸರಿನಲ್ಲಲ್ಲ. ಅಮೃತಶಿಲೆಯ ಫಲಕಗಳಲ್ಲಿ ಹೆಸರು ಕೆತ್ತಿಸುವ ನಾವು ಇದನ್ನು ಯೋಚಿಸಬೇಕು.

ಇದರ ಹಿಂದೆ ಮತಪ್ರಚಾರದ ಉದ್ದೇಶವಿಲ್ಲವೇ ಎಂದು ಕೆಲವರು ಕೇಳಬಹುದು. ತಮ್ಮ ಶ್ರದ್ಧೆಯನ್ನು ಅವರು ಮರೆಮಾಚುವುದಿಲ್ಲ. ನೊಂದವನ ಅಸಹಾಯಕತೆಯನ್ನು ಯಾರೇ ಮತಕ್ಕಾಗಿ ಬಳಸಿಕೊಂಡರೂ ಅದು ಸರಿಯಲ್ಲ. ಆದರೆ ನಾವು ಮುಚ್ಚಿದ ಬಾಗಿಲಿನಿಂದ ಹಿಂದಿರುಗಿದವನು ಬೇರೆಯವರು ತೆರೆದ ಬಾಗಿಲನ್ನು ಹೊಕ್ಕರೆ ಆಕ್ಷೇಪಿಸುವ ಅಧಿಕಾರ ನಮಗೆಲ್ಲಿಯದು? ಅವನ ಕರ್ಮ ಅವನು ಅನುಭವಿಸಲಿ ಎನ್ನುವವರೂ ಇದ್ದಾರೆ. ಅವನ ಕರ್ಮದ ಉದಯ ಅವನಿಗೆ ಸೇರಿದ್ದು. ನಮ್ಮ ನಿರ್ದಯೆಯಿಂದಾಗುವ ಕರ್ಮಬಂಧ ನಮಗೆ ಸೇರಿದ್ದು. ನ್ಯಾಯಾಲಯ ವಿಧಿಸಿದ ಶಿಕ್ಷೆಯನ್ನು ಅವನು ತೀರಿಸಿದ್ದಾನೆ. ತೀರಿದ ಸಾಲವನ್ನು ಮತ್ತೆ ಬಾಕಿ ಎಂದು ಬರೆಯುವ ವರ್ತಕನನ್ನು ನಾವು ಪ್ರಾಮಾಣಿಕನೆನ್ನುವುದಿಲ್ಲ.

ಉಪಗೂಹನದ ನಂತರ ಆಚಾರ್ಯರು ಹೇಳಿದ ಅಂಗವೇ ಸ್ಥಿತಿಕರಣ. ಜಾರಿದವನನ್ನು ಮರಳಿ ನೆಲೆಗೊಳಿಸುವುದು. ಅದಕ್ಕೆ ಉದಾಹರಣೆಯಾದ ವಾರಿಷೇಣ ಮುನಿಗಳು ಮನಸ್ಸು ಕದಡಿದ ಮಿತ್ರನಿಗೆ ದೂರದಿಂದ ಉಪದೇಶಿಸಲಿಲ್ಲ. ಅವನನ್ನು ಜೊತೆಯಲ್ಲಿ ಕರೆದುಕೊಂಡು ತಮ್ಮ ಪೂರ್ವಾಶ್ರಮದ ಅರಮನೆಗೇ ಹೋದರು. ಈ ಅಂಗ ಸಹಧರ್ಮಿಗಳಿಗೆ ಮಾತ್ರ ಅನ್ವಯಿಸುತ್ತದೆ ಎಂದು ವಿದ್ವಾಂಸರು ಹೇಳಬಹುದು. ಆದರೆ ಸಮ್ಯಕ್ತ್ವದ ಲಕ್ಷಣವಾದ ಅನುಕಂಪೆಗೆ ಅಂತಹ ಎಲ್ಲೆಯಿಲ್ಲ.

ವ್ಯಾಪಾರಿಯ ಅಂಜಿಕೆಯನ್ನು ನಾನು ಬಲ್ಲೆನು. ಮೊದಲ ದಿನವೇ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಬೇಕೆಂದು ಯಾರೂ ಹೇಳುವುದಿಲ್ಲ. ಗೋದಾಮಿನಲ್ಲಿ, ನಾಲ್ವರ ನಡುವೆ, ಎಲ್ಲರಿಗೂ ಕೊಡುವ ಸಂಬಳಕ್ಕೇ ಕೆಲಸ ಕೊಡಬಹುದು. ವಿಶ್ವಾಸ ಕ್ರಮೇಣ ಬೆಳೆದೀತು. ಒಮ್ಮೊಮ್ಮೆ ಮೋಸವೂ ಆದೀತು. ಮೋಸಹೋದ ಒಂದು ಉದ್ರಿಗಾಗಿ ಅಂಗಡಿ ಮುಚ್ಚಿದವರುಂಟೇ?

ನಮ್ಮ ಬಸದಿಗಳ ಟ್ರಸ್ಟುಗಳು ಸೆರೆಮನೆಯ ಅಧಿಕಾರಿಗಳ ಅನುಮತಿ ಪಡೆದು, ವರ್ಷಕ್ಕೆ ಒಬ್ಬನೇ ಆದರೂ ಸರಿ, ಬಿಡುಗಡೆಯಾಗುವವನ ಪರಿಚಯವನ್ನು ಮೊದಲೇ ಮಾಡಿಕೊಂಡು, ಅವನಿಗೊಂದು ಕೋಣೆಯನ್ನೂ ಕಸುಬನ್ನೂ ಒದಗಿಸಲಿ. ಇದು ಅಭಯದಾನವೇ ಹೌದು. ನಾನು ಹಿಂದಿರುಗಿಸಿದವನನ್ನು ಮತ್ತೆ ಕಾಣಲಿಲ್ಲ. ಇನ್ನೊಬ್ಬನು ಬಂದರೆ ಕೆಲಸವಿಲ್ಲವೆಂದು ಸುಳ್ಳು ಹೇಳಲಾರೆನು.