ಅಡ್ಡ ಬಂದ ನಾಯಿ

ನನ್ನ ಗೊರಕೆ ನಮ್ಮ ಗ್ಯಾಂಗಿನಲ್ಲಿ ಹಳೇ ಜೋಕು. ಯಾವ ಟ್ರಿಪ್ ಹೋದರೂ ನನ್ನ ಜೊತೆ ರೂಮ್ ಹಂಚಿಕೊಳ್ಳೋಕೆ ಯಾರೂ ಒಪ್ಪಲ್ಲ. ನಾನೂ ನಕ್ಕು ಸುಮ್ಮನಾಗ್ತಿದ್ದೆ.

ಕಳೆದ ವರ್ಷ ಒಂದು ಶುಕ್ರವಾರ, ಆಫೀಸ್ ಮುಗಿಸಿ ಮೂವರು ಕಾರಲ್ಲಿ ದಾವಣಗೆರೆಗೆ ಹೊರಟ್ವಿ. ರಾತ್ರಿ ಹನ್ನೊಂದೂವರೆ, ಶಿರಾ ದಾಟಿತ್ತು. ದೂರದಲ್ಲಿದ್ದ ಲಾರಿಯ ಕೆಂಪು ದೀಪ ಇದ್ದಕ್ಕಿದ್ದಂತೆ ಮೂಗಿನ ಮುಂದೆ ಇತ್ತು. ನಡುವಿನ ರಸ್ತೆ ನನಗೆ ನೆನಪೇ ಇಲ್ಲ. ಬ್ರೇಕ್ ಒತ್ತಿದೆ. ಪಕ್ಕದಲ್ಲಿ ತೂಕಡಿಸ್ತಿದ್ದ ಗೆಳೆಯ ಬೆಚ್ಚಿಬಿದ್ದು, "ಏನಾಯ್ತೋ?" ಅಂದ.

"ನಾಯಿ ಅಡ್ಡ ಬಂತು."

ಯಾವ ನಾಯಿಯೂ ಇರಲಿಲ್ಲ. ನಾನು ನಿದ್ದೆ ಹೋಗಿದ್ದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ನಾಲ್ಕೇ ಸೆಕೆಂಡ್ ಕಣ್ಣು ಮುಚ್ಚಿದರೂ ಸುಮಾರು 90 ಮೀಟರ್ ಕಾರು ತಾನಾಗೇ ಓಡಿರುತ್ತೆ.

ಆಮೇಲೆ ಡಾಕ್ಟರು ಇಟ್ಟ ಹೆಸರು ಸ್ಲೀಪ್ ಆಪ್ನಿಯ. ಮಲಗಿದಾಗ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ, ಆಮ್ಲಜನಕ ಇಳಿಯುತ್ತೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತೆ. ರಾತ್ರಿಯಿಡೀ ಇದೇ ಕಥೆ, ಬೆಳಗ್ಗೆ ಒಂದೂ ನೆನಪಿರಲ್ಲ. ಎಂಟು ಗಂಟೆ ಮಲಗಿದರೂ ನಿದ್ದೆ ಆಗಿರಲ್ಲ. ನನ್ನ ಬಿಪಿ ಏರಿದ್ದಕ್ಕೂ ಇದೂ ಒಂದು ಕಾರಣ ಇರಬಹುದಂತೆ.

ಹೆಸರು ಸಿಕ್ಕಿದ ಕೂಡಲೇ ಒಂಥರಾ ಸಮಾಧಾನ. ಕಾಯಿಲೆ ತಾನೇ, ನನ್ನ ತಪ್ಪೇನು? ನಿದ್ದೆ ಹೋದವನನ್ನು ಯಾವ ನ್ಯಾಯದ ಮೇಲೆ ಬಯ್ಯೋದು?

ಆದರೆ ತುಮಕೂರಿನ ಹತ್ತಿರ ಟೀಗೆ ನಿಲ್ಲಿಸಿದಾಗ ನಾನು ಎಚ್ಚರವಾಗೇ ಇದ್ದೆ. ಕಣ್ಣು ಉರೀತಿತ್ತು, ಎರಡು ಸಲ ಮುಖ ತೊಳೆದೆ. "ನಾನು ಓಡಿಸ್ಲಾ?" ಅಂತ ಅವನು ಕೇಳಿದ್ದ. ಕೀ ಕೊಡಲಿಲ್ಲ. ಕಂತು ಕಟ್ಟೋಕೆ ಹಗಲೂ ರಾತ್ರಿ ಓಡಿಸೋ ಕ್ಯಾಬ್ ಡ್ರೈವರಿಗೆ ಹೊಟ್ಟೆಪಾಡಿನ ಕಾರಣವಾದರೂ ಇರುತ್ತೆ. (ಅಂಥವರು ಆಕಳಿಸಿದರೆ ನಾನು ಸ್ಟಾರ್ ಕಡಿಮೆ ಕೊಟ್ಟಿದ್ದೀನಿ.) ನನಗಿದ್ದದ್ದು ಬರೀ ಜಂಭ.

ನಮ್ಮ ಕಾನೂನಿನಲ್ಲಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯ ಇದ್ದರೆ ಓಡಿಸೋದು ಅಪರಾಧ. 17 ಗಂಟೆ ಎಚ್ಚರವಿದ್ದವರು 50 ಮಿ.ಗ್ರಾಂ. ಇರುವವರಷ್ಟೇ ತಡವರಿಸ್ತಾರೆ ಅಂತ 1997ರಲ್ಲೇ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದರು. ಅವತ್ತು ನಾನು ಎದ್ದಿದ್ದು ಬೆಳಗ್ಗೆ ಆರಕ್ಕೆ. ಲೆಕ್ಕ ಹಾಕಿ. ಪೊಲೀಸರು ಊದಿಸಿದ್ದರೆ ಮೀಟರು ಸೊನ್ನೆ ತೋರಿಸ್ತಿತ್ತು, ನಾನು ಬೀಗ್ತಾ ಮುಂದೆ ಹೋಗ್ತಿದ್ದೆ.

ಈಗ ರಾತ್ರಿ ಮಾಸ್ಕ್ ಹಾಕ್ಕೊಂಡು ಮಲಗ್ತೀನಿ. ಗೆಳೆಯ ಇವತ್ತಿಗೂ ಪಾರ್ಟಿಗಳಲ್ಲಿ, ಇವನು ನಾಯಿ ಉಳಿಸಿದ ಪುಣ್ಯಾತ್ಮ ಅಂತ ಹೇಳ್ತಾನೆ. ಮುಂದಿನ ವಾರ ಮತ್ತೆ ದಾವಣಗೆರೆಗೆ ಹೋಗೋದಿದೆ. ಈ ಸಲ ಕೀ ಅವನಿಗೆ ಕೊಡ್ತೀನಿ. ಯಾಕೆ ಅಂತ ಕೇಳೇ ಕೇಳ್ತಾನೆ.