ಬೀಳುವ ಭಯವೂ ಗುರುಧರ್ಮವೂ

ಶಿವಮೊಗ್ಗದಿಂದ ಭದ್ರಾವತಿಗೆ ಹೆದ್ದಾರಿಯಲ್ಲಿ ಸಲೀಸಾಗಿ ಬೈಸಿಕಲ್ಲು ತುಳಿಯುವ ಹುಡುಗನು, ಕಾಡುದಾರಿಯಲ್ಲಿ ಅಡ್ಡಬಿದ್ದ ಮರವನ್ನು ಕಂಡೊಡನೆ ಅಳುಕುವನು. ಬೀಳುವ ಸಂಭವವನ್ನರಿತೂ ಅವನಿಗೆ ಅದನ್ನು ದಾಟಲು ಕಲಿಸುವುದು ಧರ್ಮವೆ?

ಬೆಂಕಿ ತಾಗದೆ ಅದಿರು ಕಬ್ಬಿಣವಾಗದೆಂದು, ೧೯೨೩ರಲ್ಲಿ ಕುಲುಮೆ ಹೊತ್ತಿದ ಭದ್ರಾವತಿಯನ್ನು ತೋರಿಸಿ ಕೆಲವರು ವಾದಿಸಬಹುದು. ಆದರೆ ಅದಿರಿಗೆ ನೋವಿಲ್ಲ. ಒಲ್ಲೆನೆನ್ನುವ ಬಾಯಿಯೂ ಇಲ್ಲ.

ಮೈಯನ್ನು ಹಿಂದಕ್ಕೆ ಸರಿಸಿ ಮುಂದಿನ ಗಾಲಿಯನ್ನೆತ್ತುವುದು, ಅದು ದಾಟಿದೊಡನೆ ಭಾರವನ್ನು ಮುಂದೆ ತಂದು ಹಿಂದಿನದನ್ನು ಹಗುರಮಾಡುವುದು, ದೃಷ್ಟಿಯನ್ನು ಮರದಾಚೆ ನಿಲ್ಲಿಸುವುದು, ಇವನ್ನು ಗುರು ತೋರಿಸಬಲ್ಲನು. ಎತ್ತುವ ಕ್ಷಣವನ್ನು ನಿಶ್ಚಯಿಸತಕ್ಕವನು ಶಿಷ್ಯನೇ. ಮರವನ್ನು ಸರಿಸಿಬಿಡುವ ಗುರುವೂ, ಗದರಿಸಿ ನೂಕುವ ಗುರುವೂ ಆ ನಿಶ್ಚಯವನ್ನೇ ಕಸಿಯುವರು.

ಆದುದರಿಂದ ಗುರುವು ಮೊದಲು ಗೇಣೆತ್ತರವೂ ಇಲ್ಲದ ಕೊರಡನ್ನಿರಿಸಿ, ತಾನೇ ದಾಟಿ ತೋರಿಸಿ, ಪಕ್ಕದಲ್ಲಿ ನಿಲ್ಲಲಿ. ಬಿದ್ದರೂ ಏಳಬಹುದಾದಷ್ಟೇ ಎತ್ತರವನ್ನು ಆರಿಸುವುದು ಗುರುಧರ್ಮ. ದಾಟುವುದೋ ಹಿಂದಿರುಗುವುದೋ ಎಂಬ ತೀರ್ಮಾನವು ಶಿಷ್ಯನ ಅಧಿಕಾರ.