ದಿನ ಎಣಿಸೋದು ಹೇಳ್ಕೊಡ್ಲಿಲ್ವಾ?

ಬೆಳಿಗ್ಗೆ ಆರು ಗಂಟೆಗೆ ಅಕ್ಕನ ಮಗಳ ಫೋನು. ಅಮೆರಿಕದಲ್ಲಿ ಅವಳಿಗೆ ಹಿಂದಿನ ದಿನದ ಸಂಜೆ ಏಳೂವರೆ. ನನಗಿಲ್ಲಿ ಡಿಕಾಕ್ಷನ್ ಕೂಡ ಇನ್ನೂ ಇಳಿದಿರಲಿಲ್ಲ.

"ಮಾಮ, ನಾಲ್ಕನೇದೂ ಬಂತು. ಅಲ್ಲೂ ಇಲ್ಲ ಅಂದ್ರು."

ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಅಲ್ಲಿ ಲಾ ಅಂದ್ರೆ ಡಿಗ್ರಿ ಮುಗಿಸಿದ ಮೇಲೆ ಮೂರು ವರ್ಷದ ಜೆ.ಡಿ. ಕೋರ್ಸು. ಮೊದಲ ವರ್ಷ ಚೆನ್ನಾಗಿ ಮಾಡಿದವರು ಇನ್ನೂ ಹೆಸರಿರೋ ಕಾಲೇಜಿಗೆ ಟ್ರಾನ್ಸ್‌ಫರ್ ಕೇಳಬಹುದು. ಚೆನ್ನಾಗಿ ಮಾಡೋದು ಅಂದ್ರೂ ಸುಲಭವಿಲ್ಲ. ಸಾಮಾನ್ಯವಾಗಿ ಗ್ರೇಡುಗಳನ್ನ ಕರ್ವ್ ಮೇಲೆ ಹಾಕ್ತಾರೆ, ಅಂದ್ರೆ ಪಕ್ಕದವನಿಗಿಂತ ಮುಂದಿದ್ದರೆ ಮಾತ್ರ ನೀನು ಮುಂದೆ. ಅರ್ಜಿ ಹಾಕಿ ಬೇಸಿಗೆಯಿಡೀ ಇಮೇಲ್ ಕಾಯಬೇಕು. ಇವಳು ನಾಲ್ಕು ಕಡೆ ಹಾಕಿದ್ದಳು.

"ಅಂದ್ರೆ ನಾನು ಇಷ್ಟೇನಾ ಮಾಮ?" ಅಂತ ಕೇಳಿದಳು.

ಈ ಪ್ರಶ್ನೆಗೆ ರೆಡಿಮೇಡ್ ಉತ್ತರಗಳು ಎರಡಿವೆ. ಒಂದು, "ಆಗೋದೆಲ್ಲಾ ಒಳ್ಳೇದಕ್ಕೆ." ಇನ್ನೊಂದು, "ಕಾಲೇಜಿನ ಹೆಸರಲ್ಲಿ ಏನಿದೆ ಬಿಡು." ಎರಡನ್ನೂ ನುಂಗಿಕೊಂಡೆ. ಮೊದಲನೆಯದು ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ಲ. ಎರಡನೆಯದು ಖಂಡಿತಾ ಸುಳ್ಳು. ನ್ಯೂಯಾರ್ಕಿನ ದೊಡ್ಡ ಫರ್ಮುಗಳು ಕಾಲೇಜಿನ ಹೆಸರು ನೋಡ್ತವೆ. ನಮ್ಮ ಬೆಂಗಳೂರಿನ ದೊಡ್ಡ ಫರ್ಮುಗಳೂ ನೋಡ್ತವೆ. ಹೆಸರಲ್ಲಿ ಏನಿದೆ ಅನ್ನೋವ್ರಲ್ಲಿ ಎಷ್ಟೋ ಜನರ ಹತ್ತಿರ ಆ ಹೆಸರು ಆಗಲೇ ಇರುತ್ತೆ. ಅವಳ ಮುಂದೆ ಒಂದು ಬಾಗಿಲು ಮುಚ್ಚಿದ್ದು ನಿಜ. ಅದಕ್ಕೆ ನಾಲ್ಕು ದಿನ ಅತ್ತರೆ ತಪ್ಪೇನಿಲ್ಲ.

ಆದರೆ ಅವಳು ಕೇಳಿದ್ದು ಬಾಗಿಲಿನ ವಿಷಯ ಅಲ್ಲ, ತನ್ನ ವಿಷಯ. ಅದಕ್ಕೆ ವಕೀಲನಾಗಿ ಒಂದು ಉತ್ತರ ಕೊಟ್ಟೆ. ನಮ್ಮ ಸುಪ್ರೀಂ ಕೋರ್ಟಿಗೆ ವಿಶೇಷ ಮೇಲ್ಮನವಿ ಅರ್ಜಿಗಳು ರಾಶಿ ರಾಶಿ ಹೋಗ್ತವೆ. ಬಹಳಷ್ಟನ್ನ ಕಾರಣ ಹೇಳದೆ ಒಂದೇ ಸಾಲಲ್ಲಿ ವಜಾ ಮಾಡ್ತಾರೆ. ಹಾಗೆ ವಜಾ ಆಯ್ತು ಅಂದ ಮಾತ್ರಕ್ಕೆ ಕೆಳಗಿನ ಕೋರ್ಟಿನ ತೀರ್ಪು ಸರಿ ಅಂತ ಸುಪ್ರೀಂ ಕೋರ್ಟ್ ಹೇಳಿದ ಹಾಗಲ್ಲ. ಅದನ್ನ 2000ದಲ್ಲಿ ಕುಂಞಹಮ್ಮದ್ ಪ್ರಕರಣದಲ್ಲಿ ಆ ಕೋರ್ಟೇ ಬಿಡಿಸಿ ಹೇಳಿದೆ. ನಿನ್ನ ಅರ್ಜಿಯನ್ನ ನಾವು ಕೈಗೆತ್ತಿಕೊಳ್ಳಲಿಲ್ಲ ಅನ್ನೋದಷ್ಟೇ ಅದರ ಅರ್ಥ.

ಅವಳಿಗೆ ಬಂದ ಇಮೇಲೂ ಅಂಥದ್ದೇ. ಕಾರಣ ಇಲ್ಲ. ಎಷ್ಟು ಜನ ಆ ಕಾಲೇಜು ಬಿಟ್ಟು ಹೋದರು, ಎಷ್ಟು ಸೀಟು ಉಳೀತು, ಫೀಸಿನ ಲೆಕ್ಕ ಏನು, ಇವೆಲ್ಲ ಆ ಒಂದು ಸಾಲಿನ ಹಿಂದೆ ಇರಬಹುದು. ಕಾರಣವೇ ಬರೆಯದ ಆದೇಶದ ಕೆಳಗೆ ನಾವೇ ಕೂತು "ಏಕೆಂದರೆ ನೀನು ದಡ್ಡಿ" ಅಂತ ಬರೆದುಕೊಳ್ಳೋದು ಯಾವ ನ್ಯಾಯ?

ಹೆಸರು ಸಿಕ್ಕವರ ಕಥೆಯೂ ಅಷ್ಟು ಸಲೀಸಾಗಿಲ್ಲ. ರೂತ್ ಬೇಡರ್ ಗಿನ್ಸ್‌ಬರ್ಗ್ ಹಾರ್ವರ್ಡ್‌ನಲ್ಲಿ ಎರಡು ವರ್ಷ ಓದಿದರು. ಗಂಡನಿಗೆ ನ್ಯೂಯಾರ್ಕಿನಲ್ಲಿ ಕೆಲಸ ಸಿಕ್ಕಿದ್ದರಿಂದ ಮೂರನೇ ವರ್ಷ ಕೊಲಂಬಿಯಾಕ್ಕೆ ಬಂದರು. ಕೊನೇ ವರ್ಷ ಅಲ್ಲಿ ಓದಿದರೂ ಡಿಗ್ರಿ ನೀವೇ ಕೊಡಿ ಅಂತ ಕೇಳಿದಾಗ ಹಾರ್ವರ್ಡ್ ಒಪ್ಪಲಿಲ್ಲ. 1959ರಲ್ಲಿ ಕೊಲಂಬಿಯಾದಿಂದ ತರಗತಿಗೇ ಮೊದಲ ಸ್ಥಾನ ಹಂಚಿಕೊಂಡು ಹೊರಬಂದರು. ಎರಡು ದೊಡ್ಡ ಹೆಸರು ಕೈಯಲ್ಲಿದ್ದೂ ನ್ಯೂಯಾರ್ಕಿನ ಒಂದು ಫರ್ಮೂ ಕೆಲಸ ಕೊಡಲಿಲ್ಲ. ಹೆಣ್ಣು, ಯಹೂದಿ, ಪುಟ್ಟ ಮಗುವಿನ ತಾಯಿ ಅನ್ನೋದು ಅಡ್ಡ ಬಂತು. 1993ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆದರು. ಹಾಗಂತ ನೀನೂ ಸುಪ್ರೀಂ ಕೋರ್ಟಿಗೆ ಹೋಗ್ತೀಯ ಅಂತ ಸೊಸೆಗೆ ನಾನು ಹೇಳಲಿಲ್ಲ. ಯಾವ ಹೆಸರೂ ಎಲ್ಲ ಬಾಗಿಲನ್ನೂ ತೆಗೆಸಲ್ಲ ಅಂದೆ, ಅಷ್ಟೇ.

ಅವಳು "ಹ್ಞೂಂ" ಅಂದಳು. ಆ ಹ್ಞೂಂಕಾರದಲ್ಲಿ ಒಪ್ಪಿಗೆ ಇರಲಿಲ್ಲ. ಹಾಗಾಗಿ ಯಾರಿಗೂ ಹೇಳದ ನನ್ನ ಕಥೆ ಹೇಳಿದೆ.

ಪಿಯುಸಿ ಆದಮೇಲೆ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿಗೆ ಹೋಗಬೇಕು ಅಂತ ನನಗೆ ಹುಚ್ಚು. ಆಗಿನ್ನೂ ಕ್ಲಾಟ್ ಬಂದಿರಲಿಲ್ಲ, ಅವರದ್ದೇ ಎಂಟ್ರೆನ್ಸ್ ಇತ್ತು. ಬರೆದೆ, ಆಗಲಿಲ್ಲ. ಊರಲ್ಲೇ ಇನ್ನೊಂದು ಕಾಲೇಜಿಗೆ ಸೇರಿದೆ. ಸೇರಿದ ಮೇಲೂ ಮತ್ತೊಂದು ಸಲ ಬರೆದೆ, ಆಗಲೂ ಆಗಲಿಲ್ಲ. ಆಮೇಲಿನ ನಾಲ್ಕು ವರ್ಷ ಆ ಕಾಲೇಜಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಾಗೆ ಕೂತೆ. ಹಾಜರಿಗಷ್ಟೇ ಕ್ಲಾಸು. ಮೂಟ್ ಕೋರ್ಟಿಗೆ ಹೆಸರು ಕೊಡಲಿಲ್ಲ. ಪಾಠ ಮಾಡೋರನ್ನ, ಪಕ್ಕದ ಬೆಂಚಿನವರನ್ನ ಒಳಗೊಳಗೇ ಕೀಳಾಗಿ ನೋಡಿದೆ. ನಾನು ಇಲ್ಲಿಗೆ ಸೇರಿದವನಲ್ಲ ಅನ್ನೋದೇ ನನ್ನ ದೊಡ್ಡ ಸಮಾಧಾನ.

ಆಮೇಲೆ ಬೆಂಗಳೂರಲ್ಲಿ ಒಬ್ಬ ಸೀನಿಯರ್ ಹತ್ತಿರ ಜೂನಿಯರ್ ಆದೆ. ಕನಕಪುರದ ಕಡೆಯ ಒಬ್ಬ ಅಜ್ಜಿ ಬಂದರು. ಅರ್ಧ ಎಕರೆ ಜಮೀನಿನ ದಾವೆ, ತಾಲ್ಲೂಕು ಕೋರ್ಟಿನಲ್ಲಿ ಸೋತಿದ್ದರು. ಅಪೀಲು ಹಾಕೋಕೆ ಎಷ್ಟು ದಿನ ಇದೆ ನೋಡು ಅಂದ್ರು ಸೀನಿಯರ್. "ತೊಂಬತ್ತು" ಅಂದೆ. ನಮ್ಮ ಸಿಟಿ ಸಿವಿಲ್ ಕೋರ್ಟಿನ ಡಿಕ್ರಿಗಳ ಮೇಲೆ ಹೈಕೋರ್ಟಿಗೆ ಹೋಗೋಕೆ ತೊಂಬತ್ತು ದಿನ, ಅದನ್ನ ದಿನಾ ಕೇಳಿದ್ದೆ. ಆದರೆ ಅಜ್ಜಿಯ ಅಪೀಲು ಹೋಗಬೇಕಿದ್ದದ್ದು ಹೈಕೋರ್ಟಿಗಲ್ಲ, ಅಲ್ಲೇ ಮೇಲಿನ ಸಿವಿಲ್ ಕೋರ್ಟಿಗೆ. ಅಲ್ಲಿಗೆ ಮೂವತ್ತೇ ದಿನ. ಗೊತ್ತಾಗೋ ಹೊತ್ತಿಗೆ ವಾಯಿದೆ ಮುಗಿದು ತಿಂಗಳಾಗಿತ್ತು.

ಸೀನಿಯರ್ ಬೈಯಲಿಲ್ಲ. "ವಿಳಂಬ ಮನ್ನಿಸಿ ಅಂತ ಅರ್ಜಿ ಹಾಕು. ಅಜ್ಜಿಗೆ ಹುಷಾರಿರಲಿಲ್ಲ ಅಂತ ಬರೀಬೇಡ. ತಪ್ಪು ನಮ್ಮದು ಅಂತ ಬರಿ. ಆಮೇಲೆ ಅಜ್ಜಿಗೂ ನೀನೇ ಹೇಳು" ಅಂದ್ರು.

ಹೇಳಿದೆ. ಅಜ್ಜಿ ಸೆರಗಲ್ಲಿ ಮುಖ ಒರೆಸಿಕೊಂಡು ನನ್ನನ್ನೇ ನೋಡಿದರು. "ಇಷ್ಟೊಂದು ಓದಿದ್ದೀಯಲ್ಲಪ್ಪ, ದಿನ ಎಣಿಸೋದು ಹೇಳ್ಕೊಡ್ಲಿಲ್ವಾ ನಿಂಗೆ?"

ಹೇಳಿಕೊಟ್ಟಿದ್ದರು. ನಾನು ಕೀಳಾಗಿ ಕಂಡ ಅದೇ ಮೇಷ್ಟ್ರು, ಅದೇ ಕ್ಲಾಸಿನಲ್ಲಿ, ಲಿಮಿಟೇಶನ್ ಆಕ್ಟನ್ನ ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟಿದ್ದರು. ನಾನೇ ಅಲ್ಲಿರಲಿಲ್ಲ.

ಕೋರ್ಟು ವಿಳಂಬ ಮನ್ನಿಸಿತು, ಎದುರು ಪಾರ್ಟಿಗೆ ಸಾವಿರ ರೂಪಾಯಿ ಖರ್ಚು ಕೊಡಿ ಅಂತು. ಅದನ್ನ ನನ್ನ ಜೇಬಿನಿಂದ ಕೊಟ್ಟೆ. ಆದರೆ ಆ ಆದೇಶ ಬರೋವರೆಗೆ ಜಮೀನು ಉಳಿಯುತ್ತೋ ಇಲ್ಲವೋ ಅಂತ ಅಜ್ಜಿ ಕಳೆದ ಏಳು ತಿಂಗಳನ್ನ ಯಾವ ಜೇಬಿನಿಂದ ಕೊಡಲಿ?

ನ್ಯಾಷನಲ್ ಲಾ ಸ್ಕೂಲು ನನ್ನಿಂದ ಒಂದು ಸೀಟು ಕಿತ್ತುಕೊಂಡಿತು ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೆ. ಅದು ಒಂದು ಅರ್ಜಿ ಒಪ್ಪಲಿಲ್ಲ, ಅಷ್ಟೇ. ಕೈಯಲ್ಲಿದ್ದ ಐದು ವರ್ಷವನ್ನ ತಿರಸ್ಕಾರ ಮಾಡಿದವನು ನಾನು. ನಮ್ಮ ನಿರಾಸೆ ನಮ್ಮ ಸ್ವಂತ ವಿಷಯ, ಅದರಿಂದ ಇನ್ನೊಬ್ಬರಿಗೇನು ನಷ್ಟ ಅಂದುಕೊಳ್ತೀವಿ. ವಕೀಲನ ವಿಷಯದಲ್ಲಿ ಹಾಗಿಲ್ಲ. ಅವನು ಮುನಿಸಿಕೊಂಡು ಓದದೇ ಬಿಟ್ಟ ಪಾಠದ ಬೆಲೆಯನ್ನ ಮುಂದೊಂದು ದಿನ ಕಕ್ಷಿದಾರ ಕೊಡ್ತಾನೆ. ಡಾಕ್ಟರು, ಇಂಜಿನಿಯರು, ಮೇಷ್ಟ್ರು ಎಲ್ಲರಿಗೂ ಈ ಮಾತು ಸಲ್ಲುತ್ತೆ ಅಂತ ನನಗನ್ನಿಸುತ್ತೆ.

"ಸರಿ, ಈಗ ಏನ್ಮಾಡ್ಲಿ?" ಅಂದಳು. ದನಿ ಸ್ವಲ್ಪ ನೆಟ್ಟಗಾಗಿತ್ತು.

ಇದಕ್ಕೆ ಮಾತ್ರ ಗಟ್ಟಿ ಉತ್ತರ ಇತ್ತು. ಯಾವ ಕಾಲೇಜು ಅನ್ನೋದನ್ನ ಬಿಡು, ಯಾವ ಊರಲ್ಲಿ, ಯಾರ ಪರವಾಗಿ ಕೆಲಸ ಮಾಡ್ತೀಯ ಅಂತ ಮೊದಲು ಯೋಚಿಸು ಅಂದೆ. ಅಲ್ಲಿ ವಕೀಲಿ ಲೈಸೆನ್ಸು ರಾಜ್ಯವಾರು. ಅದೇ ರಾಜ್ಯದಲ್ಲಿ ಉಳಿಯೋದಾದರೆ ಅಲ್ಲಿನ ಜಡ್ಜುಗಳಲ್ಲಿ, ಸರ್ಕಾರಿ ವಕೀಲರಲ್ಲಿ ನಿನ್ನ ಕಾಲೇಜಿನವರು ಎಷ್ಟು ಜನ ಇದ್ದಾರೆ ನೋಡು, ಹೋಗಿ ಮಾತಾಡಿಸು. ಬಾರ್ ಪರೀಕ್ಷೆ ಹಾರ್ವರ್ಡಿನವನಿಗೂ ನಿನಗೂ ಒಂದೇ. ಈಗಿನ ಕಾಲೇಜು ಕೊಡ್ತಿರೋ ಸ್ಕಾಲರ್‌ಶಿಪ್ಪು ನಿನ್ನ ಹಿಂದೆ ಹೊಸ ಕಾಲೇಜಿಗೆ ಬರ್ತಿರಲಿಲ್ಲ. ಉಳಿಯೋ ಸಾಲದ ಲೆಕ್ಕವನ್ನೂ ಒಂದು ಹಾಳೆ ಮೇಲೆ ಹಾಕು. ಸಾಲ ಕಡಿಮೆ ಇದ್ದರೆ ಮುಂದೆ ಸಂಬಳ ಕಡಿಮೆಯ ಒಳ್ಳೆ ಕೆಲಸಕ್ಕೂ ಹ್ಞೂಂ ಅನ್ನಬಹುದು. ಇನ್ನು, ಕಾಲೇಜಿನ ಲೀಗಲ್ ಕ್ಲಿನಿಕ್‌ಗೆ ಸೇರು. ಅಲ್ಲಿ ನಿಜವಾದ ಜನ ಬರ್ತಾರೆ.

ಅಕ್ಟೋಬರ್‌ನಲ್ಲಿ ಅವಳ ಮೆಸೇಜು ಬಂತು. ಬಾಡಿಗೆದಾರರ ಕೇಸು ನೋಡೋ ಕ್ಲಿನಿಕ್ ಸೇರಿದ್ದಾಳೆ, ಪ್ರೊಫೆಸರ್ ಉಸ್ತುವಾರಿಯಲ್ಲಿ ಕೆಲಸ. ಎರಡು ಮಕ್ಕಳ ತಾಯಿಯೊಬ್ಬರಿಗೆ ಮನೆ ಖಾಲಿ ಮಾಡಿ ಅಂತ ಕೋರ್ಟಿನ ಕಾಗದ ಬಂದಿದೆ. ಆ ನಾಲ್ಕು ಕಾಲೇಜಿನ ಹೆಸರು ಕೇಳಿದ್ರೆ ಈಗಲೂ ಹೊಟ್ಟೆ ಉರಿಯುತ್ತೆ ಮಾಮ ಅಂತಲೂ ಬರೆದಿದ್ದಳು. ಉರೀಲಿ ಬಿಡಿ, ನನಗೂ ನಾಗರಬಾವಿ ಕಡೆ ಹೋದಾಗ ಒಂಚೂರು ಉರಿಯುತ್ತೆ.

ಕೊನೇ ಸಾಲು ಹೀಗಿತ್ತು: "ಉತ್ತರ ಸಲ್ಲಿಸೋಕೆ ಎಷ್ಟು ದಿನ ಇದೆ ಅಂತ ಎರಡು ಸಲ ಎಣಿಸಿದೆ."